ಯಾರ ಚಷ್ಮಾ ಯಾರಿಗೆ

೧. ಬೈಲಹೊಂಗಲ

ಕಣ್ಣಾಸ್ಪತ್ರೆಯ ಕಂಪ್ಯೂಟರ್ ಸುಟ್ಟಿತು. ನಾನು ಅದರ ಆಪರೇಟರ್. ಫ್ಲಾಪಿಯಲ್ಲಿದ್ದ ಬ್ಯಾಕಪ್ ಹಾಕಿದೆ. ಒಂದು ಪಟ್ಟಿಯಲ್ಲಿ ಆಪರೇಷನ್ ಆದವರ ಹೆಸರು, ಇನ್ನೊಂದರಲ್ಲಿ ಚಷ್ಮಾದ ಪವರ್. ಎರಡನ್ನೂ ಜೋಡಿಸುವ ಪ್ರೈಮರಿ ಕೀ, ಅಂದರೆ ರೋಗಿಯ ಕ್ರಮಸಂಖ್ಯೆ, ಎರಡರಲ್ಲೂ ಇಲ್ಲ.

ಬ್ಯಾಕಪ್ ತೆಗೆದಿದ್ದ ಗುಮಾಸ್ತನನ್ನು ಕೇಳಿದೆ.

“ಫ್ಲಾಪಿ ತುಂಬಿತ್ರಿ ಸರ್. ಕ್ರಮಸಂಖ್ಯೆ ಬರೇ ಅಂಕಿ ಅಂತ ತಗದ ಹಾಕಿದೆ. ಹೆಸರ ಒಂದೂ ಬಿಟ್ಟಿಲ್ಲ ನೋಡ್ರಿ.”

ಹಳೆಯ ಚೀಟಿಗಳು ಕಂಪ್ಯೂಟರ್ ಬಂದ ವಾರವೇ ರದ್ದಿಗೆ ಹೋಗಿದ್ದವು. ಪವರ್ ಪಟ್ಟಿ ನೋಡಿ ಚಷ್ಮಾ ಅಂಗಡಿಯವರು ಪೆಟ್ಟಿಗೆ ತುಂಬ ಚಷ್ಮಾ ಮಾಡಿ ಕಳಿಸಿದರು. ಯಾವುದು ಯಾರದೋ.

ಅಷ್ಟರಲ್ಲಿ ರಾಮದುರ್ಗದಿಂದ ಒಬ್ಬ ನೇಕಾರ ಅಜ್ಜನ ಫೋನು.

“ಮೊಮ್ಮಗಳ ಮದವಿ ಸೀರಿ ಮಗ್ಗದ ಮ್ಯಾಲೆ ಅರ್ಧಕ್ಕ ನಿಂತೈತ್ರಿ. ಹತ್ತ ದಿನ ಉಳದಾವ. ನನ್ನ ಚಷ್ಮಾ ಎಲ್ಲೈತಿ?”

ಡಾಕ್ಟರು ನನಗೆ ಹೇಳಿದರು: “ಪೆಟಿಗಿ ತಗೊಂಡು ಊರೂರಿಗೆ ಹೋಗ್ರಿ. ಯಾರಿಗೆ ಯಾವುದ್ರಾಗ ಕಾಣತೈತಿ, ಅದ ಅವರದು.”

೨. ಸವದತ್ತಿ

ನೆರೆದ ಮಂದಿಯ ಮುಂದೆ ಪಟ್ಟಿ ಹಿಡಿದು “ಯಲ್ಲವ್ವಾ” ಎಂದು ಕೂಗಿದೆ. ಒಂಬತ್ತು ಮಂದಿ ಎದ್ದರು. ಪಟ್ಟಿಯಲ್ಲಿದ್ದದ್ದು ಎಂಟು. ಎಂಟು ಜನಕ್ಕೂ ಚಷ್ಮಾ ಹಾಕಿ ತೆಗೆದು ಹೊಂದಿಸಿದೆ. ಒಂಬತ್ತನೆಯವಳಿಗೆ ಯಾವುದರಲ್ಲೂ ಕಾಣಲಿಲ್ಲ.

“ಯವ್ವಾ, ಆಪರೇಷನ್ ಯಾವಾಗ ಆಗೇತಿ?”

“ನನಗ್ಯಾಕೋ ಯಪ್ಪಾ ಆಪರೇಷನ್? ನನ್ನ ಕಣ್ಣ ಛಲೋ ಅದಾವ. ಹೆಸರ ಕೂಗಿದಿ, ಎದ್ದೆ.”

೩. ಕಿತ್ತೂರು

ಚಿನ್ನದ ಬಣ್ಣದ ಫ್ರೇಮು ಇದ್ದದ್ದು ಒಂದೇ. ಕಿರಾಣಿ ಅಂಗಡಿಯ ಸಾಹುಕಾರರು ಅದನ್ನೇ ಏರಿಸಿ ಕುಳಿತರು.

“ಸಾಹುಕಾರ್ರ, ಗೋಡಿ ಮ್ಯಾಲೆ ಏನ ಬರದೈತಿ?”

“ಗೋಡಿ ಎಲ್ಲೈತಿ?”

“ಹಂಗಾದ್ರ ಅದು ನಿಮ್ಮದಲ್ಲ. ತಗೀರಿ.”

“ಇರ್ಲಿ ಬಿಡ್ರಿ. ನನಗ ಕಾಣದಿದ್ರೂ ನಡೀತೈತಿ. ಮಂದಿಗೆ ಕಾಣತೈತಲ್ಲ?”

ಬಿಡಿಸಿಕೊಳ್ಳಲು ಒಂದು ತಾಸು ಹಿಡಿಯಿತು.

೪. ರಾಮದುರ್ಗ

ಪೆಟ್ಟಿಗೆಯಲ್ಲಿ ಐದು ಉಳಿದಿದ್ದವು. ನೇಕಾರ ಅಜ್ಜ ಮಗ್ಗದ ಮುಂದೆಯೇ ಕುಳಿತು ನಾಲ್ಕನ್ನು ಹಾಕಿ ತೆಗೆದ. ಐದನೆಯದು ಏರಿಸಿ ಸೀರೆ ನೋಡಿದ. ಚಷ್ಮಾ ತೆಗೆದು ಒರೆಸಿ ಮತ್ತೆ ಏರಿಸಿದ.

“ಯಾಕ್ರಿ ಅಜ್ಜಾರ, ಕಾಣಲಿಲ್ಲೇನು?”

“ಕಾಣತೈತಿ. ಹಸರ ಸೀರಿ ಶುರು ಮಾಡಿದ್ದೆ. ನೀಲಿ ಯಾವಾಗ ಆತು?”

ಆಪರೇಷನ್ನಿಗೆ ಮೊದಲು, ಮಬ್ಬುಗಣ್ಣಿನಲ್ಲಿ ನೀಲಿ ನೂಲನ್ನೇ ಹಸಿರೆಂದು ನೇಯ್ದದ್ದು. ಅಜ್ಜ ಹೆಂಡತಿಯನ್ನು ಕರೆದ.

“ನೀ ಆದ್ರೂ ಹೇಳಬಾರದೇನ?”

“ಹೊಸಾ ನಮೂನಿ ಅಂತ ನಾಕ ಮನಿಗೆ ಹೇಳಿ ಬಂದೇನಿ!”

ಬಿಚ್ಚಿ ನೇಯಲು ದಿನವಿರಲಿಲ್ಲ. ಉಳಿದರ್ಧವನ್ನು ಅಜ್ಜ ನೀಲಿಯಲ್ಲೇ ಮುಗಿಸಿದ. ಮೊಮ್ಮಗಳು ಮದುವೆಗೆ ಅದನ್ನೇ ಉಟ್ಟಳು.