ಹಳೆಯ ವಿಳಾಸ ಮರೆಯದ ಯಂತ್ರ

ಅಳತೆ ಮತ್ತು ತೂಕ ಇಲಾಖೆಯ ವೆಬ್‌ಸೈಟು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಯಾವುದೇ ಅಹಿತಕರ ಘಟನೆಯಿಲ್ಲದೆ ಸ್ಥಳಾಂತರಗೊಂಡಿತು. ಊರಿಗೆಲ್ಲ ಹೊಸ ವೆಬ್‌ಸೈಟು ಕಂಡಿತು. ಇಲಾಖೆಯ ಕಚೇರಿಯೊಳಗೆ ಮಾತ್ರ ಕಾಣಲಿಲ್ಲ. ಅಲ್ಲಿನ ಪರದೆಗಳ ಮೇಲೆ ಹಿಂದಿನ ತಿಂಗಳು ನಿವೃತ್ತರಾದ ಸಾಹೇಬರೇ ನಿರ್ದೇಶಕರಾಗಿ ನಗುತ್ತಿದ್ದರು.

ಹೊಸ ನಿರ್ದೇಶಕಿ ಕಂಪ್ಯೂಟರ್ ವಿಭಾಗದ ಏಕೈಕ ತಂತ್ರಜ್ಞರನ್ನು ಕರೆಸಿದರು. ಯಾವ ಹೆಸರಿಗೆ ಯಾವ ಸರ್ವರು ಎಂದು ಇಡೀ ಕಚೇರಿಗೆ ದಾರಿ ಹೇಳುವ ಯಂತ್ರವೊಂದು ಉಗ್ರಾಣದಲ್ಲಿದೆ, ಒಮ್ಮೆ ಕೇಳಿದ ವಿಳಾಸವನ್ನು ಅದು ಏಳು ದಿನ ನೆನಪಿಟ್ಟುಕೊಳ್ಳುತ್ತದೆ ಎಂದು ಅವರು ವಿನಯದಿಂದ ವಿವರಿಸಿದರು. ಸ್ಥಳಾಂತರಕ್ಕೆ ಮೊದಲೇ ಆ ಏಳು ದಿನವನ್ನು ಐದು ನಿಮಿಷಕ್ಕೆ ಇಳಿಸಬೇಕೆಂಬುದು ಕೈಪಿಡಿಯ ಮೊದಲನೆಯ ನಿಯಮ. ಕೈಪಿಡಿ ಬರೆದವರು ತಂತ್ರಜ್ಞರೇ. ತಾವೇ ಬರೆದದ್ದೆಂಬ ಭರವಸೆಯಿಂದ ಅವರು ಅದನ್ನು ಓದಿರಲಿಲ್ಲ. ಇಷ್ಟು ಭಾಗವನ್ನು ವಿವರಿಸಲು ಬಾಯಿ ಬರಲಿಲ್ಲ. ಅವರ ಹಂಗಾಮಿ ನೌಕರಿ ಖಾಯಂ ಆಗುವ ಕಡತ ನಿರ್ದೇಶಕಿಯ ಮೇಜಿನ ಮೇಲೇ ಇತ್ತು.

“ಅಂದ್ರೆ ಏಳು ದಿನ ನಾನು ನಿರ್ದೇಶಕಿ ಅಲ್ವಾ?”

“ಊರಿಗೆಲ್ಲ ನೀವೇ ಮೇಡಂ. ಇಲ್ಲಿ ಮಾತ್ರ ಅಲ್ಲ.”

ಕಚೇರಿ ಅಧೀಕ್ಷಕರು ನಿಯಮಾವಳಿ ತೆಗೆದು ನೋಡಿದರು. ಕಚೇರಿಯ ಪರದೆಯಲ್ಲಿ ಕಾಣುವವರೇ ಅಧಿಕೃತರು ಎಂದಿತ್ತು. ಮಧ್ಯಾಹ್ನವೇ ಸುತ್ತೋಲೆ ಹೊರಟಿತು: “ಯಂತ್ರವು ಮರೆಯುವವರೆಗೆ ಹಿಂದಿನ ನಿರ್ದೇಶಕರೇ ಸಹಿ ಮಾಡತಕ್ಕದ್ದು.” ಮನೆಯಲ್ಲಿ ಹೆಂಡತಿಯಿಂದ ದಿನಕ್ಕೆ ನಾಲ್ಕು ಸಲ ಸುಮ್ಮನೆ ಕೂತಿರಿ ಅನ್ನಿಸಿಕೊಳ್ಳುತ್ತಿದ್ದ ಸಾಹೇಬರು ಕಾಲು ಗಂಟೆಯಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಹಾಜರಾದರು.

ಏಳು ದಿನ ಕಳೆಯಿತು. ಯಂತ್ರ ಮರೆಯಲಿಲ್ಲ. ತಂತ್ರಜ್ಞರು ಅದರ ನೆನಪು ಅಳಿಸಿದರು, ಆರಿಸಿ ಮತ್ತೆ ಚಾಲೂ ಮಾಡಿದರು, ವೈರುಗಳನ್ನು ಬೈದರು. ಹತ್ತನೆಯ ದಿನ, ಒಳಗಿನ ಒಂದು ಪಟ್ಟಿಯಲ್ಲಿ ಹಳೆಯ ವಿಳಾಸವನ್ನು ಯಾರೋ ಕೈಯಾರೆ ಬರೆದಿಟ್ಟಿದ್ದು ಸಿಕ್ಕಿತು. ‘ಪರೀಕ್ಷೆಗಾಗಿ, ನಾಳೆ ತೆಗೆಯುವುದು’ ಎಂಬ ಟಿಪ್ಪಣಿಯೂ ಇತ್ತು. ಯಾವ ಪೆದ್ದನ ಕೆಲಸ ಎಂದು ನೋಡಿದರೆ ಕೆಳಗೆ ತಮ್ಮದೇ ಹೆಸರು, ಮೂರು ವರ್ಷದ ಹಿಂದಿನ ತಾರೀಖು.

ತಂತ್ರಜ್ಞರು ನೌಕರಿಯ ಆಸೆ ಬಿಟ್ಟು, ನೇರ ನಿರ್ದೇಶಕಿಯ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು. ಆಕೆ ಕಿಟಕಿಯ ಪಕ್ಕ ನಿಶ್ಚಿಂತೆಯಿಂದ ಪತ್ರಿಕೆ ಓದುತ್ತಿದ್ದರು. ಹತ್ತು ದಿನದಿಂದ ದೂರುಗಳೆಲ್ಲ ಸಾಹೇಬರ ಮೇಜಿಗೇ ಹೋಗುತ್ತಿದ್ದವು.

“ಆ ಸಾಲು ಅಳಿಸಿಬಿಟ್ರಾ?”

“ಇನ್ನೂ ಇಲ್ಲ ಮೇಡಂ.”

“ಮತ್ತೆ ಏನವಸರ?”

ಸದರಿ ಸಾಲನ್ನು ಯಾರೂ ಅಳಿಸದಂತೆ ಕಾಯಲು ಹುದ್ದೆಯೊಂದನ್ನು ಸೃಷ್ಟಿಸಿ, ತಂತ್ರಜ್ಞರನ್ನು ಅದರಲ್ಲಿ ಖಾಯಂ ಮಾಡಲಾಯಿತು. ಆದೇಶವನ್ನು ಹೊಸ ವೆಬ್‌ಸೈಟಿನಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಸಿಬ್ಬಂದಿಗೆ ಮೂವತ್ತು ದಿನ ಕೊಡಲಾಯಿತು. ಕಚೇರಿಯಲ್ಲಿ ಅದು ಯಾರಿಗೂ ಕಾಣಲಿಲ್ಲ. ಆಕ್ಷೇಪಣೆ ಒಂದೂ ಬರಲಿಲ್ಲ.