ಹಿಮದೂರಿಗೊಂದು ರಾಹುಕಾಲ

ಚಳಿಗಾಲದಲ್ಲಿ ಸೂರ್ಯನೇ ಹುಟ್ಟದ ಊರಿನಲ್ಲಿ ಪೂರ್ವಕ್ಕೆ ಬಾಗಿಲಿರುವ ಮನೆ ಹುಡುಕಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು, ಅವರ ಪರವಾಗಿ ಮೇಲ್ ಬರೆದು ಬರೆದು ಬೆರಳು ಸವೆಸಿಕೊಂಡಿದ್ದೇನೆ! ಅವರು ನನ್ನ ಭಾವ, ಅಕ್ಕನ ಗಂಡ.

ಭಾವ ಮಲೇಷ್ಯಾದ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಒಂದು ಚಿಪ್ ಕಾರ್ಖಾನೆಯ ಎಂಜಿನಿಯರ್ ಆಗಿದ್ದರು. ಅವರ ವಿಭಾಗವನ್ನೇ ಮುಚ್ಚಿಬಿಟ್ಟರು. ಐವತ್ತರ ವಯಸ್ಸಿನಲ್ಲಿ ಅಲೆದೂ ಅಲೆದೂ ಸಿಕ್ಕಿದ್ದು ಒಂದೇ ಕೆಲಸ: ನಾರ್ವೆಯ ಉತ್ತರದ ತುದಿಯಲ್ಲಿ ಮೀನು ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವುದು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಭಾವನಿಗೆ ಮೀನು! ಇರಲಿ. ತಿಂಗಳ ಕೊನೆಯೊಳಗೆ ಅಲ್ಲೊಂದು ವಿಳಾಸ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಮೂವರಿಗೆ ಸಾಲುವ ಮನೆ ಸಿಕ್ಕರೆ ಅಕ್ಕ ಮತ್ತು ಮಗಳೂ ಜೊತೆಗೆ ಹೋಗಬಹುದು. ಸಿಗದಿದ್ದರೆ ಅವರಿಬ್ಬರೂ ಅಕ್ಕನ ಟೀಚರ್ ಕೆಲಸ ನಂಬಿಕೊಂಡು ಇಲ್ಲೇ ಪೆನಾಂಗಿನಲ್ಲಿ. ಆ ಊರಿನಲ್ಲೋ ಬಾಡಿಗೆಗೆ ಬರುವುದೇ ಬೆರಳೆಣಿಕೆಯ ಮನೆಗಳು.

ಮೊದಲ ಮನೆಯೊಡತಿ ವಿಡಿಯೋ ಕಾಲ್‌ನಲ್ಲಿ ಸಿಕ್ಕರು. ಅಲ್ಲಿ ಬೆಳಗಿನ ಎಂಟೂವರೆ. ಭಾವ “ಪೂರ್ವದಿಕ್ಕು ತೋರಿಸಿ” ಎಂದರು. ಆಕೆ ಪಾಪ, ಫೋನನ್ನು ಕಿಟಕಿಗೆ ತಿರುಗಿಸಿದರು. ಕಗ್ಗತ್ತಲು. “ಪಶ್ಚಿಮ?” ಎಂದರು. ಅದೂ ಕಗ್ಗತ್ತಲು!

“ಎರಡೂ ಒಂದೇ ಥರ ಇದೆಯಲ್ಲಮ್ಮಾ, ನಂಬೋದು ಹೇಗೆ?” ಎಂದು ಭಾವ ನನ್ನನ್ನು ಕೇಳಿದರು. ಅಷ್ಟರಲ್ಲಿ ಆಕೆ ಫೋನ್ ಇಟ್ಟಾಗಿತ್ತು.

ಕಾಲುಹಿಡಿದು ವಾಸ್ತುವನ್ನು ಬಿಡಿಸಿದೆವು. ರಾಹುಕಾಲವನ್ನು ಬಿಡಿಸಲಾಗಲಿಲ್ಲ. ರಾಹುಕಾಲದಲ್ಲಿ ಶುರುಮಾಡಿದ್ದು ಯಾವುದೂ ಬಾಳುವುದಿಲ್ಲ ಎಂಬುದು ಅವರ ಅಚಲ ನಂಬಿಕೆ. ಏಳರ ಮೇಲೆ ಆಗುವ ಪೆನಾಂಗಿನ ಸೂರ್ಯೋದಯ ನೋಡಿ, ನಮ್ಮೂರಿನದಕ್ಕಿಂತ ತಡವಾಗಿ ಬರುವ ರಾಹುಕಾಲದ ಲೆಕ್ಕ ಹಾಕಿ, ಕ್ಯಾಲೆಂಡರಿನ ತುಂಬ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದರು. ಎರಡನೆಯ ಮನೆಯವರು ಮಂಗಳವಾರ ಸಂಜೆ ನಾಲ್ಕೂವರೆಗೆ “ಈಗಲೇ ತಿಳಿಸಿ” ಎಂದು ಬರೆದರು. ಸರಿಯಾಗಿ ರಾಹುಕಾಲ! ಭಾವ ಕೈಕಟ್ಟಿ ಕೂತರು. ಆರಕ್ಕೆ ನಾನು ಒಪ್ಪಿಗೆ ಕಳಿಸುವ ಹೊತ್ತಿಗೆ ಮನೆ ಕೈತಪ್ಪಿತ್ತು. ಮೂರನೆಯದೂ ಹಾಗೆಯೇ ಹೋಯಿತು.

“ದೇರ್ ಗಾಟ್ ನೋ ಸನ್‌ರೈಸ್ ಲಾ, ಅಪ್ಪಾ! ರಾಹು ಹೌ ಟು ಕಮ್?” ಎಂದಳು ಹದಿನಾಲ್ಕರ ಮಗಳು, ತನ್ನ ಪೆನಾಂಗ್ ಇಂಗ್ಲಿಷಿನಲ್ಲಿ.

“ರಾಹುಗೆ ವೀಸಾ ಬೇಡ ಕಣೇ,” ಎಂದರು ಭಾವ.

ನಗು ಅಲ್ಲಿಗೆ ಮುಗಿಯಿತು. ಆಮೇಲೆ ಬಂದದ್ದೆಲ್ಲ “ಕೊಟ್ಟಾಯಿತು”, “ಕುಟುಂಬಕ್ಕೆ ಜಾಗವಿಲ್ಲ” ಎಂಬ ಉತ್ತರಗಳೇ. ಕೆಲವರು ಉತ್ತರವನ್ನೇ ಕೊಡಲಿಲ್ಲ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಭಾವ ಸುಮ್ಮನೆ ಕೂರತೊಡಗಿದರು. ಚಹಾ ಆರಿಹೋದರೂ ಕುಡಿಯುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಕ್ಕ ಬೈಯುವುದನ್ನೂ ನಿಲ್ಲಿಸಿದಳು, ಅದು ಇನ್ನೂ ಹೆದರಿಕೆ.

ಗಡುವಿನ ದಿನ, ಮತ್ತೆ ಮಂಗಳವಾರ, ಬೆಳಿಗ್ಗೆಯೇ ಒಂದು ಕರಾರು ಪತ್ರ ಬಂತು. ಮೀನು ಕಾರ್ಖಾನೆಯ ಹಿಂದೆ ಒಂದು ಕೋಣೆ. ಒಂದು ಮಂಚ. ಒಬ್ಬರಿಗೆ ಮಾತ್ರ. ಒಪ್ಪಿಗೆಗೆ ಸಂಜೆಯವರೆಗೆ ಸಮಯ.

ಅಕ್ಕ ಅದನ್ನು ಓದಿ ಒಳಗೆ ಹೋದಳು. ಕೊನೆಗೆ ನಾನೇ, “ಸಹಿ ಹಾಕಿಬಿಡಿ ಭಾವ, ಈಗ ಹೊತ್ತು ಚೆನ್ನಾಗಿದೆ,” ಎಂದೆ.

“ತಡಿಯಮ್ಮಾ,” ಎಂದರು. ಮಧ್ಯಾಹ್ನ ಮತ್ತೆ ಕೇಳಿದೆ. “ತಡಿ.” ಗೋಡೆ ಗಡಿಯಾರ ನೋಡುತ್ತ ಕೂತೇ ಇದ್ದರು. ಇದೂ ಹೋಯಿತು ಎಂದು ನಾನು ಆಸೆ ಬಿಟ್ಟೆ. ಸಂಜೆ ನಾಲ್ಕೂವರೆಗೆ ಎದ್ದು ಬಂದು, ಟಕ್ಕನೆ ಸಹಿ ಹಾಕಿದರು.

“ಭಾವಾ! ರಾಹುಕಾಲ!”

“ಗೊತ್ತು. ಅದಕ್ಕೇ ಕಾಯ್ತಿದ್ದೆ.” ದನಿ ತಗ್ಗಿಸಿದರು, ಒಳಗೆ ಅಕ್ಕ ಇದ್ದಳು. “ಒಳ್ಳೆ ಹೊತ್ತಲ್ಲಿ ಸೈನ್ ಹಾಕಿದ್ರೆ ನಾನೊಬ್ಬನೇ ಅಲ್ಲಿರೋದು ಕಾಯಂ ಆಗ್ಬಿಡುತ್ತಮ್ಮಾ. ಇದು ಬಾಳಬಾರದು. ಬೇಗ ಕಳಿಸು, ಐದೂಮುಕ್ಕಾಲಿಗೆ ರಾಹುಕಾಲ ಮುಗಿದ್ಹೋಗುತ್ತೆ.”

ಹುಟ್ಟಿದಾಗಿನಿಂದ ರಾಹುಕಾಲವನ್ನು ನಂಬದ ನಾನು, ಅದೊಂದು ಸಂಜೆ ಅದು ನಿಜವಾಗಲಪ್ಪಾ ಎಂದು ಬೇಡಿಕೊಳ್ಳುತ್ತ ಮೇಲ್ ಕಳಿಸಿದೆ.