ಚಕ್ರದ ಬೆನ್ನು ನೋಡುವ ಕೆಲಸ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಏನೂ ಬರೆದವನಲ್ಲ. ನಗು ಬರಬೇಕಾದ ಕಡೆ ವಿವರಣೆ ಕೊಟ್ಟು ಕೆಡಿಸುವ ಅಭ್ಯಾಸ ಬೇರೆ ಇದೆ. ಆದರೆ ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಹೇಳಿಕೊಳ್ಳೋಣ ಎಂದರೆ ರೂಮಿನಲ್ಲಿ ನಾನೊಬ್ಬನೇ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಾಜಿನಗರದ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹಳೆಯ ಸ್ಪೋರ್ಟ್ಸ್ ಕಾರುಗಳ ಫೋರ್ಜ್ಡ್ ಚಕ್ರಗಳನ್ನು ಗುರುತಿಸುವುದು ನನ್ನ ಕೆಲಸ. ಫೋರ್ಜ್ಡ್ ಎಂದರೆ ಎರಕ ಹೊಯ್ದದ್ದಲ್ಲ, ಕಾಯಿಸಿ ಒತ್ತಿ ಬಡಿದು ಮಾಡಿದ್ದು. ಹೂವಿನ ದಳದಂತೆ ಐದು ಕಡ್ಡಿ. ಥಟ್ಟನೆ ನೋಡಿದರೆ ಎಲ್ಲವೂ ಒಂದೇ. ಸರಿಯಾಗಿ ನೋಡಿದರೆ ಮೊದಲ ಆವೃತ್ತಿಯ ದಳ ತೆಳು, ನಂತರದ್ದು ಅಗಲ. ಬೆನ್ನಿನ ಮೇಲೆ ಒತ್ತಿದ ಅಂಕಿಗಳೂ ಬೇರೆ. ಕಾರಿಗೆ ಹಾಕುವ ನಾಲ್ಕೂ ಒಂದೇ ಆವೃತ್ತಿಯವು ಇರಬೇಕು ಎಂದು ಅವುಗಳ ಮಾಲೀಕರು ಪಟ್ಟು ಹಿಡಿಯುತ್ತಾರೆ. ಇಷ್ಟನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಒಬ್ಬರಾದರೂ ಈ ಊರಲ್ಲಿ ಸಿಗಲಿ ಎಂಬುದೇ ನನ್ನ ಆಸೆ.

೧. ವಾಚ್‌ಮನ್

ಇಂದಿರಾನಗರದಲ್ಲಿ ಒಂದು ಮನೆಯ ಮುಂದೆ ಕೆಂಪು ಹಳೆಯ ಕಾರು ನಿಂತಿತ್ತು. ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತೆ.

"ಏಯ್, ಏನ್ ಬಿಚ್ತಾ ಇದೀಯ?" ವಾಚ್‌ಮನ್ ಓಡಿ ಬಂದರು.

"ಬಿಚ್ತಾ ಇಲ್ಲ ಅಣ್ಣ, ನೋಡ್ತಾ ಇದೀನಿ."

"ಚಕ್ರದಲ್ಲಿ ನೋಡೋಕೇನಿದೆ?"

ಅಂತೂ ಒಬ್ಬರು ಕೇಳಿದರಲ್ಲ! ದಳ, ಅಂಕಿ ಎಲ್ಲ ತಿಳಿಸಿ, "ಮೂರೂ ಒಂದೇ ಆವೃತ್ತಿ, ಈ ಹಿಂದಿನದು ಮಾತ್ರ ಬೇರೆ" ಎನ್ನುವಷ್ಟರಲ್ಲಿ ಅವರು ತಡೆದರು.

"ಇಷ್ಟೊತ್ತು ಅದನ್ನೇ ನೋಡ್ತಿದೀಯಲ್ಲ ಗುರು, ಗಾಳಿ ಇಲ್ದೆ ನೆಲಕ್ಕೆ ಕೂತಿದೆ. ಅದು ಕಾಣ್ಲಿಲ್ವಾ?"

ನಿಜ ಹೇಳಬೇಕೆಂದರೆ, ನಾನು ಟೈರ್ ನೋಡುವುದಿಲ್ಲ.

೨. ಹೆಣ್ಣಿನ ಸೋದರಮಾವ

ನಮ್ಮ ರಾಯಚೂರು ಕಡೆಯಿಂದ ಒಂದು ಹೆಣ್ಣಿನ ಸೋದರಮಾವ ನನ್ನನ್ನು ನೋಡಲು ಹೊರಮಾವಿನಲ್ಲಿರುವ ನನ್ನ ರೂಮಿಗೆ ಬಂದರು.

"ಕೆಲಸ ಏನ್ ಮಾಡ್ತೀರಿ?"

"ಚಕ್ರದ ಬೆನ್ನು ನೋಡಿ ಯಾವ ಆವೃತ್ತಿ ಅಂತ ಹೇಳ್ತೀನ್ರಿ."

"ಆಮ್ಯಾಲೆ?"

"ಒರೆಸಿ ಇಡ್ತೀನ್ರಿ."

"ನಿಮ್ದೊಂದು ಕಾರ್ ಅದ ಏನ್ರಿ?"

"ಇಲ್ರಿ, ಬಸ್ಸಿನ್ಯಾಗ ಹೋಗ್ತೀನಿ."

"ಮತ್ತ ಬಸ್ಸಿನ ಗಾಲಿ ನೋಡಂಗಿಲ್ಲೇನು?"

ಅವು ಉಕ್ಕಿನ ತಗಡಿನವು, ಅವಕ್ಕೆ ದಳವೇ ಇರುವುದಿಲ್ಲ ಎಂದು ನಾನು ಶುರುಮಾಡಿದೆ. ತಲೆಯೆತ್ತಿ ನೋಡಿದರೆ ಅವರು ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದರು. ಅವರಿಗೆಂದು ಮಾಡಿದ ಚಹಾವನ್ನೂ ನಾನೇ ಕುಡಿದೆ.

೩. ಗಂಟೆ

ಅಂಚು ಸೊಟ್ಟಗಾಗಿ ಯಾರಿಗೂ ಬೇಡವಾದ ಒಂದು ಚಕ್ರವನ್ನು ಅಂಗಡಿಯವರು ನನಗೇ ಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಅದನ್ನು ರೂಮಿನೊಳಗೆ ಹಗ್ಗದಲ್ಲಿ ತೂಗುಹಾಕಿ ಮರದ ಕೊಡತಿಯಿಂದ ಬಡಿದೆ. ಒಳಗೆ ಬಿರುಕಿದ್ದರೆ ಒಡಕು ಸದ್ದು ಬರುತ್ತದೆ, ಇಲ್ಲದಿದ್ದರೆ ಕಂಚಿನ ಹಾಗೆ ಮೊಳಗುತ್ತದೆ. ಮೊಳಗಿತು. ಖುಷಿಗೆ ಮತ್ತೆ ಮತ್ತೆ ಬಡಿದೆ.

ಬಾಗಿಲು ತೆರೆಯಿತು. ಪಕ್ಕದ ರೂಮಿನ ಅಕ್ಕ, ಹಿಂದೆ ಸಾಲುರೂಮಿನವರೆಲ್ಲ, ತಲೆಗೆ ಸೆರಗು ಹೊದ್ದು ಕೈಮುಗಿದು ನಿಂತಿದ್ದರು.

"ಪೂಜಾ ಮುಗೀತೇನು ತಮ್ಮಾ? ಮಂಗಳಾರತಿ ಎಲ್ಲಿ?"

"ಅಕ್ಕಾ, ಇದು ಪೂಜೆ ಅಲ್ಲ, ಎರಡನೇ ಆವೃತ್ತಿ."

"ಎಷ್ಟನೇದಾದ್ರೂ ಇರ್ಲಿ ಬಿಡು" ಎಂದು ಆಕೆ ಚಕ್ರಕ್ಕೆ ಕುಂಕುಮ ಹಚ್ಚಿದರು. ಅದು ಸರಿಯಾಗಿ ಅಂಕಿಗಳ ಮೇಲೇ ಬಿತ್ತು. ಪ್ರಸಾದವಿರಲಿಲ್ಲ, ಚಹಾದ ಸಕ್ಕರೆಯನ್ನೇ ಚಿಟಿಕೆ ಚಿಟಿಕೆ ಕೊಟ್ಟೆ. ಎಲ್ಲರೂ ಚಾಪೆಯ ಮೇಲೆ ಕೂತರು. "ಇದು ಯಾವ ದೇವ್ರ ಗಾಲಿಪ್ಪಾ?" ಎಂದು ಕೇಳಿದರು. ನಾನು ಹೇಳತೊಡಗಿದೆ. ಎರಕದಿಂದ ಹಿಡಿದು ದಳದವರೆಗೆ ಹೇಳಿದೆ. ಯಾರೂ ಏಳಲಿಲ್ಲ! ಪುರಾಣ ಕೇಳಿದಂತೆ ಕೇಳಿ, ಎದ್ದು ಹೋಗುವಾಗ ನಮಸ್ಕಾರವನ್ನೂ ಮಾಡಿದರು.

ಈಗ ಪ್ರತಿ ಭಾನುವಾರ ಬರುತ್ತಾರೆ. ಇವತ್ತು ಮೂರನೆಯ ಆವೃತ್ತಿಯ ಬಗ್ಗೆ ಹೇಳಬೇಕೆಂದಿದ್ದೇನೆ. ನಿಮಗೂ ಹೇಳಿಬಿಡುತ್ತೇನೆ, ಸುಲಭವಿದೆ. ಮೊದಲು ಚಕ್ರವನ್ನು ಬೋರಲು ಹಾಕಬೇಕು. ಆಮೇಲೆ ಬೋಲ್ಟ್ ತೂತಿನ ಪಕ್ಕ ಬೆರಳಾಡಿಸಿದರೆ ಒಂದು ಸಣ್ಣ ಏಣು ಸಿಗುತ್ತದೆ. ಆ ಏಣು ಯಾಕಿದೆ ಎಂದರೆ...

"ಏ ತಮ್ಮಾ! ಎಲ್ಲಾರೂ ಕೈ ಮುಗದು ನಿಂತೀವಿ, ಬಾಗ್ಲಾ ತೆಗಿ! ಮಂಡಕ್ಕಿ ಸೂಸ್ಲಾ ಆರ್ಲಿಕ್ಕತ್ತದ, ನಿನ್ನ ದೇವ್ರಿಗೆ ಲಗೂನ ನೈವೇದ್ಯ ಹಿಡಿ!"

ಬಂದೆ ಅಕ್ಕಾ. ಆ ಏಣು ಏನೆಂದರೆ